ತಪ್ಪಿದ ಬೀಮ್ ಮತ್ತೆ ಸಿಗಬೇಕಾದರೆ ಮೊಬೈಲ್ ಎಷ್ಟು ಹುಡುಕಬೇಕು?

ಗದಗ: ಅವಳಿ ನಗರದಿಂದ ಮುಂಡರಗಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಮೊಬೈಲ್‌ನಲ್ಲಿ ಮಾತನಾಡುವವರಿಗೆ ಈ ಅನುಭವ ಹೊಸದೇನಲ್ಲ. ಮಾತು ಸರಾಗವಾಗಿ ಸಾಗಿರುತ್ತದೆ. ಎದುರಿನಿಂದ ಹತ್ತಿಯ ಅಂಡಿಗೆ ಹೇರಿಕೊಂಡ ಲಾರಿಯೊಂದು ಹಾದುಹೋಗುತ್ತದೆ, ಇಲ್ಲವೇ ರಸ್ತೆ ತಿರುವು ತೆಗೆದುಕೊಳ್ಳುತ್ತದೆ. ಅತ್ತ ಕಡೆಯ ದನಿ ಅರೆಕ್ಷಣ ಕಡಿಯುತ್ತದೆ. "ಹಲೋ, ಕೇಳಸಾಕತ್ತೈತೇನ್ರೀ?" ಎನ್ನುವಷ್ಟರಲ್ಲಿ ಒಮ್ಮೆ ದನಿ ಮರಳುತ್ತದೆ, ಇನ್ನೊಮ್ಮೆ ಕರೆಯೇ ಬಿದ್ದುಹೋಗುತ್ತದೆ. ಮನೆ ತಲುಪುವ ಹೊತ್ತಿಗೆ ಫೋನ್ ಬಿಸಿಯೇರಿರುತ್ತದೆ, ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಇದಕ್ಕೆ ಕಾರಣಗಳು ಹಲವು. ಟವರ್ ದೂರವಿರುವುದು, ಒಂದು ಟವರ್‌ನಿಂದ ಇನ್ನೊಂದಕ್ಕೆ ಕರೆ ವರ್ಗವಾಗುವುದು, ಜನದಟ್ಟಣೆ ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ 5ಜಿ ಬಂದ ಮೇಲೆ ಈ ಪಟ್ಟಿಗೆ ಹೊಸದೊಂದು ಕಾರಣ ಸೇರಿದೆ. ಫೋನಿಗೂ ಟವರ್‌ಗೂ ನಡುವಿನ 'ಬೀಮ್' ತಪ್ಪಿಹೋಗುವುದೇ ಆ ಕಾರಣ. ತಪ್ಪಿದ ಬೀಮ್ ಅನ್ನು ಮರಳಿ ಪಡೆಯುವ ಕ್ರಮಕ್ಕೆ ತಂತ್ರಜ್ಞರು 'ಬೀಮ್ ರಿಕವರಿ' ಎನ್ನುತ್ತಾರೆ. ಆ ಕ್ರಮದ ನಡುವೆ ಫೋನು ಟವರ್‌ನ ಉತ್ತರಕ್ಕಾಗಿ ಎಲ್ಲೆಲ್ಲಿ ಹುಡುಕಬೇಕು, ಎಷ್ಟು ಸಲ ಹುಡುಕಬೇಕು ಎಂಬುದು ಹೊರಗೆ ಕಾಣದ ಪ್ರಶ್ನೆ. ಸಂಪರ್ಕ ಎಷ್ಟು ಬೇಗ ಕೂಡುತ್ತದೆ, ಬ್ಯಾಟರಿ ಎಷ್ಟು ಸೋರುತ್ತದೆ ಎಂಬುದರಲ್ಲಿ ಈ ಪ್ರಶ್ನೆಯ ಪಾಲು ಸಣ್ಣದಲ್ಲ.

ದೇಶದಲ್ಲಿ 5ಜಿ ಸೇವೆಗೆ ಚಾಲನೆ ದೊರೆತದ್ದು 2022ರ ಅಕ್ಟೋಬರ್ 1ರಂದು. ರಾಜ್ಯದಲ್ಲಿ ಮೊದಲ ಸರದಿ ಸಹಜವಾಗಿಯೇ ಬೆಂಗಳೂರಿನದಾಗಿತ್ತು. ಗದಗ-ಬೆಟಗೇರಿ ಹೆಚ್ಚು ದಿನ ಕಾಯಬೇಕಾಗಲಿಲ್ಲ. 2023ರ ಜನವರಿ 17ರಂದು ರಿಲಯನ್ಸ್ ಜಿಯೋ ಏಳು ರಾಜ್ಯಗಳ 16 ನಗರಗಳಲ್ಲಿ ಏಕಕಾಲಕ್ಕೆ 5ಜಿ ಆರಂಭಿಸಿದಾಗ, ದಾವಣಗೆರೆ, ಶಿವಮೊಗ್ಗ, ಬೀದರ್ ಹಾಗೂ ಹೊಸಪೇಟೆಗಳ ಜೊತೆಗೆ ನಮ್ಮ ಅವಳಿ ನಗರದ ಹೆಸರೂ ಇತ್ತು. ಅಂದಿನಿಂದ ಬೀಮ್ ಎಂಬುದು ಪ್ರಯೋಗಾಲಯದ ಮಾತಾಗಿ ಉಳಿಯದೆ ಮುಳಗುಂದ ನಾಕಾದ ಚಹಾದಂಗಡಿಯಲ್ಲಿ ನಿಂತವರ ಕಿಸೆಯೊಳಗೂ ಬಂದಿದೆ. ಅದು ಏನೆಂಬುದನ್ನು ತಿಳಿದುಕೊಳ್ಳಲು ಅಡ್ಡಿಯಿಲ್ಲ.

ಬಲ್ಬ್ ಹೋಗಿ ಟಾರ್ಚ್ ಬಂತು

ಹಳೆಯ ಪೀಳಿಗೆಯ ಟವರ್‌ಗಳನ್ನು ಅಂಗಳದ ಕಂಬಕ್ಕೆ ಕಟ್ಟಿದ ಬಲ್ಬಿಗೆ ಹೋಲಿಸಬಹುದು. ಅದರ ಬೆಳಕು ತನಗೆ ವಹಿಸಿದ ಇಡೀ ಪ್ರದೇಶದ ಮೇಲೆ ಹರಡಿಕೊಳ್ಳುತ್ತದೆ. ಯಾರು ಎಲ್ಲಿ ನಿಂತಿದ್ದಾರೆ ಎಂಬ ಗೊಡವೆ ಅದಕ್ಕಿಲ್ಲ. 5ಜಿ ಟವರ್ ಹಾಗಲ್ಲ. ರಾತ್ರಿ ಪಾಳಿಯ ವಿದ್ಯುತ್ ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೊರಡುವ ರೈತನ ಕೈಯ ಟಾರ್ಚಿನಂತೆ ಅದು. ನಮ್ಮ ಭಾಗದಲ್ಲಿ ಅದನ್ನು ಬ್ಯಾಟರಿ ಎಂದೇ ಕರೆಯುವುದು ವಾಡಿಕೆ. ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ಕೂಡಿಸಿ ಬಿಟ್ಟರೆ ಅಷ್ಟೇ ಶಕ್ತಿಯಲ್ಲಿ ದೂರದ ಬದುವಿನವರೆಗೂ ಕಾಣುತ್ತದೆ. ಹೀಗೆ ಒಂದು ದಿಕ್ಕಿಗೆ ಕೂಡಿಸಿ ಬಿಟ್ಟ ರೇಡಿಯೋ ತರಂಗಗಳ ಕಿರಣವೇ ಬೀಮ್.

ಟಾರ್ಚನ್ನು ಕೈಯಿಂದ ತಿರುಗಿಸಬೇಕು, ಟವರ್‌ನ ಆಂಟೆನಾ ಅಲುಗಾಡುವುದಿಲ್ಲ. ಒಂದೇ ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿದ ಪುಟ್ಟ ಆಂಟೆನಾಗಳಿಗೆ ಕೊಡುವ ಸಂಕೇತಗಳ ಸಮಯವನ್ನು ಅತಿ ಸೂಕ್ಷ್ಮವಾಗಿ ಹಿಂದುಮುಂದು ಮಾಡಿದರೆ ಕಿರಣ ಬೇಕಾದ ಕಡೆಗೆ ವಾಲುತ್ತದೆ. ನಮ್ಮಲ್ಲಿ 5ಜಿಗೆ ಮುಖ್ಯವಾಗಿ ಬಳಕೆಯಾಗುವ 3300 ಮೆಗಾಹರ್ಟ್ಸ್ ತರಂಗಾಂತರ ಶ್ರೇಣಿಯಲ್ಲಿ ಟವರ್ ತನ್ನ ಇರುವಿಕೆಯನ್ನು ಸಾರಲು ಗರಿಷ್ಠ 8 ದಿಕ್ಕುಗಳ ಬೀಮ್‌ಗಳನ್ನು ಸರದಿಯಂತೆ ಬೀಸಬಹುದು. 26 ಗಿಗಾಹರ್ಟ್ಸ್‌ನಂತಹ ಎತ್ತರದ ಶ್ರೇಣಿಯಲ್ಲಿ ಈ ಸಂಖ್ಯೆ 64ಕ್ಕೆ ಏರುತ್ತದೆ. ಫೋನು ಇವನ್ನೆಲ್ಲ ಅಳೆದು ತನಗೆ ಚೆನ್ನಾಗಿ ತಾಗುವ ಬೀಮ್ ಯಾವುದೆಂದು ಟವರ್‌ಗೆ ತಿಳಿಸುತ್ತದೆ. ಅಲ್ಲಿಂದ ಮುಂದಿನ ವ್ಯವಹಾರವೆಲ್ಲ ಆ ಬೀಮ್ ಮೂಲಕವೇ ನಡೆಯುತ್ತದೆ.

ತರಂಗದ ಉದ್ದ ಕಡಿಮೆಯಾದಷ್ಟೂ ಬೀಮ್ ತೆಳ್ಳಗಾಗುತ್ತದೆ, ತಡೆಗಳಿಗೆ ಬೇಗ ಮಣಿಯುತ್ತದೆ. 3.5 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು ಎಂಟೂವರೆ ಸೆಂಟಿಮೀಟರ್. 26 ಗಿಗಾಹರ್ಟ್ಸ್‌ನಲ್ಲಿ ಅದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಈ ಪುಟ್ಟ ತರಂಗಗಳಿಗೆ ಮನುಷ್ಯನ ಮೈ ಅಡ್ಡ ಬಂದರೂ ಸಾಕು, ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿಯಬಲ್ಲದು. ಇಂತಹ ತರಂಗಗಳು ನಮ್ಮ ದೇಶಕ್ಕೆ ಹೊಸತೇನೂ ಅಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಜಗದೀಶಚಂದ್ರ ಬೋಸರು 1895ರಲ್ಲಿಯೇ ಕೋಲ್ಕತ್ತದ ಟೌನ್ ಹಾಲ್‌ನಲ್ಲಿ ಮಿಲಿಮೀಟರ್ ಅಳತೆಯ ತರಂಗಗಳ ಸಾರ್ವಜನಿಕ ಪ್ರಾತ್ಯಕ್ಷಿಕೆ ನೀಡಿದ್ದರು. ಅದು ಫೋನಿಗೆ ಬರಲು ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ತಪ್ಪಿದ್ದು ಫೋನಿಗೆ ತಿಳಿಯುವುದು ಹೇಗೆ?

ಲಾರಿ ಅಡ್ಡ ಬಂದಾಗ ಬೀಮ್ ಕಡಿಯಿತು ಎನ್ನೋಣ. ಟವರ್‌ಗೆ ಆ ಕ್ಷಣದಲ್ಲಿ ಇದು ತಿಳಿಯದು. ಅದು ತನ್ನ ಪಾಡಿಗೆ ಹಳೆಯ ದಿಕ್ಕಿಗೇ ಸಂಕೇತ ಕಳುಹಿಸುತ್ತಿರುತ್ತದೆ. ಪೆಟ್ಟು ಬಿದ್ದದ್ದನ್ನು ಮೊದಲು ಅರಿಯುವುದು ಫೋನು. ಟವರ್‌ನಿಂದ ಬರುವ ಅಳತೆಯ ಸಂಕೇತಗಳನ್ನು ಅದು ಸದಾ ಗಮನಿಸುತ್ತಿರುತ್ತದೆ. ನಿಯಂತ್ರಣ ಸಂದೇಶಗಳು ಬಂದಿದ್ದರೆ ಅವುಗಳಲ್ಲಿ ಶೇ 10ರಷ್ಟು ಕೆಟ್ಟುಹೋಗುವಷ್ಟು ಗುಣಮಟ್ಟ ಕುಸಿದಿದೆ ಎಂದು ಕಂಡರೆ ಒಂದು ಗೆರೆ ಎಳೆದುಕೊಳ್ಳುತ್ತದೆ. ಮತ್ತೆ ಅದೇ ಕಂಡರೆ ಇನ್ನೊಂದು ಗೆರೆ. ನಿಗದಿತ ಅವಧಿಯೊಳಗೆ ಗೆರೆಗಳು ಟವರ್ ಮೊದಲೇ ಹೇಳಿಟ್ಟ ಸಂಖ್ಯೆ ಮುಟ್ಟಿದರೆ ಬೀಮ್ ವಿಫಲವಾಗಿದೆ ಎಂದು ತೀರ್ಮಾನಿಸುತ್ತದೆ. ಆ ಸಂಖ್ಯೆ ಒಂದೂ ಇರಬಹುದು, ಹತ್ತೂ ಇರಬಹುದು. ನಡುವೆ ಪರಿಸ್ಥಿತಿ ಸುಧಾರಿಸಿ ಅವಧಿ ಮುಗಿದರೆ ಗೆರೆಗಳನ್ನು ಅಳಿಸಲಾಗುತ್ತದೆ. ಪ್ರತಿ ಸಣ್ಣ ತಡೆಗೂ ಗಾಬರಿ ಬೀಳಬಾರದೆಂದೇ ಈ ಏರ್ಪಾಡು.

ಮುಂದಿನದನ್ನು ತಿಳಿಯಲು ಜಾತ್ರೆಯ ಉದಾಹರಣೆಗಿಂತ ಉತ್ತಮವಾದುದು ಈ ವರದಿಗಾರನಿಗೆ ತೋಚಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದವರು ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿರುತ್ತಾರೆ: "ತಪ್ಪಿಸಿಕೊಂಡ್ರ ಎಲ್ಲೆಲ್ಲೋ ಅಡ್ಡಾಡಬ್ಯಾಡ, ತೇರಿನ ಮನೀ ಮುಂದ ಬಂದು ನಿಂದ್ರು." ಈ ಒಂದು ಮಾತು ಆಡದೆ ಹೋದರೆ ಮಗು ಅಪ್ಪನನ್ನು ಬಳೆಯಂಗಡಿ, ಮಿಠಾಯಿ ಅಂಗಡಿ, ತೊಟ್ಟಿಲ ಆಟದ ಸಾಲು ಎಂದು ಜಾತ್ರೆಯಿಡೀ ಹುಡುಕುತ್ತದೆ. ಅಪ್ಪನೂ ಹುಡುಕುತ್ತಾನೆ. ಇಬ್ಬರೂ ದಣಿಯುತ್ತಾರೆ, ಭೇಟಿಯಾಗುವುದು ಅದೃಷ್ಟ. ಮಾತು ಆಡಿದ್ದರೆ ನೋಡಬೇಕಾದ ಜಾಗ ಒಂದೇ.

5ಜಿಯಲ್ಲೂ ನಡೆಯುವುದು ಇದೇ. ಬೀಮ್ ತಪ್ಪಿದಾಗ ಫೋನು ಟವರ್ ಮೊದಲೇ ಕೊಟ್ಟಿರುವ ಪರ್ಯಾಯ ಬೀಮ್‌ಗಳ ಪಟ್ಟಿಯನ್ನು ತೆಗೆದು, ಸಾಕಷ್ಟು ಬಲವಿರುವ ಒಂದನ್ನು ಆರಿಸಿಕೊಳ್ಳುತ್ತದೆ. ಆ ಬೀಮ್‌ಗೆಂದೇ ಗುರುತಿಸಿಟ್ಟ ಒಂದು ಪುಟ್ಟ ಕೂಗನ್ನು ಟವರ್‌ನತ್ತ ಕಳುಹಿಸುತ್ತದೆ. ಕೂಗು ಕೇಳಿದ ಕೂಡಲೇ ಇದು ಯಾವ ಫೋನು, ಈಗ ಯಾವ ದಿಕ್ಕಿನಲ್ಲಿ ಸಿಗುತ್ತದೆ ಎಂಬ ಎರಡೂ ಸಂಗತಿ ಟವರ್‌ಗೆ ತಿಳಿದುಬಿಡುತ್ತವೆ. ನಾಲ್ಕು ಸ್ಲಾಟ್‌ಗಳ ನಂತರ ಫೋನು ಉತ್ತರಕ್ಕಾಗಿ ಕಿವಿಗೊಟ್ಟು ಕಾಯತೊಡಗುತ್ತದೆ. ಸ್ಲಾಟ್ ಎಂದರೆ 5ಜಿಯ ಕಾಲದ ಒಂದು ತುಣುಕು. ನಮ್ಮಲ್ಲಿ ಸಾಮಾನ್ಯವಾಗಿರುವ ವ್ಯವಸ್ಥೆಯಲ್ಲಿ ಅದು ಅರ್ಧ ಮಿಲಿಸೆಕೆಂಡಿನದು. ನಿಗದಿತ ಅವಧಿಯೊಳಗೆ ಉತ್ತರ ಬಂದರೆ ಸಂಪರ್ಕ ಕೂಡಿತು. ಬಾರದಿದ್ದರೆ ಮತ್ತೆ ಕೂಗು. ಅನುಮತಿಸಿದ ಸಲವೆಲ್ಲ ಮುಗಿದರೂ ಉತ್ತರವಿಲ್ಲದಿದ್ದರೆ ಸಂಪರ್ಕವೇ ಕಡಿದಿದೆ ಎಂದು ಘೋಷಿಸಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಬಸ್ಸಿನಲ್ಲಿ ಕರೆ ಬೀಳುವುದು ಇಂತಹ ಹೊತ್ತಿನಲ್ಲಿ.

ಬೀಗ ನೂರು, ಬೀಗದ ಕೈ ಒಂದು

ಇನ್ನು ಈ ಉತ್ತರ ಬರುವ ಬಗೆಯನ್ನು ನೋಡೋಣ. ವಿಷಯದ ಗಂಟು ಇರುವುದೇ ಇಲ್ಲಿ. ಟವರ್ ಫೋನಿಗೆ ಎರಡು ಬಗೆಯ ಸಂಕೇತ ಕಳುಹಿಸುತ್ತದೆ. ಒಂದು ದತ್ತಾಂಶ, ಅಂದರೆ ನಾವು ನೋಡುವ ವಿಡಿಯೋ, ಆಡುವ ಮಾತು, ಯುಪಿಐ ಪಾವತಿಯ ವಿವರ. ಇನ್ನೊಂದು ನಿಯಂತ್ರಣ ಸಂಕೇತ. ನಿನ್ನ ದತ್ತಾಂಶ ಇಂತಹ ಜಾಗದಲ್ಲಿ, ಇಂತಹ ಕ್ಷಣದಲ್ಲಿ ಬರುತ್ತದೆ, ನೀನು ಕಳುಹಿಸಬೇಕಾದುದನ್ನು ಇಲ್ಲಿ ಕಳುಹಿಸು ಎಂಬ ಆಜ್ಞೆಗಳು ಅದರಲ್ಲಿರುತ್ತವೆ. ನಿಯಂತ್ರಣ ಸಂಕೇತ ಸಿಗದಿದ್ದರೆ ದತ್ತಾಂಶ ಕಣ್ಣೆದುರಿಗೇ ಹಾದುಹೋದರೂ ಫೋನಿಗೆ ಅದು ತನ್ನದೆಂದು ತಿಳಿಯದು. ಬೀಮ್ ತಪ್ಪಿದಾಗ ಟವರ್ ಕೊಡುವ ಉತ್ತರವೂ ಒಂದು ನಿಯಂತ್ರಣ ಸಂಕೇತವೇ.

ಆದರೆ ಈ ಸಂಕೇತದ ಮೇಲೆ ವಿಳಾಸ ಬರೆದಿರುವುದಿಲ್ಲ. ಅದು ಎಲ್ಲಿ ಆರಂಭವಾಗುತ್ತದೆ, ಎಷ್ಟು ದೊಡ್ಡದಿದೆ ಎಂಬುದನ್ನೂ ಟವರ್ ಮುಂಚಿತವಾಗಿ ಹೇಳುವುದಿಲ್ಲ. ಹೇಳಲು ಹೋದರೆ ಆ ಹೇಳಿಕೆಗೇ ಮತ್ತೊಂದು ಸಂಕೇತ ಬೇಕಾಗುತ್ತದೆ. ಹೀಗಾಗಿ ಫೋನು ಬರಬಹುದಾದ ಪ್ರತಿಯೊಂದು ಜಾಗದಲ್ಲೂ, ಪ್ರತಿಯೊಂದು ಗಾತ್ರದಲ್ಲೂ ಬಿಡಿಸಿ ನೋಡಬೇಕು. ಸಾಲಾಗಿ ನೂರು ಬೀಗ ತೂಗುಹಾಕಿವೆ, ಕೈಯಲ್ಲಿ ಒಂದೇ ಬೀಗದ ಕೈ ಇದೆ ಎಂದು ಭಾವಿಸಿರಿ. ಯಾವ ಬೀಗಕ್ಕೆ ಹೊಂದುತ್ತದೆ ಎಂಬುದನ್ನು ಹಾಕಿ ನೋಡಿಯೇ ತಿಳಿಯಬೇಕು. ಫೋನಿನ ಕೈಯಲ್ಲಿರುವ ಬೀಗದ ಕೈ ಎಂದರೆ ಟವರ್ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ. ಬಿಡಿಸಿದ ಸಂಕೇತದ ಕೊನೆಯ ತಾಳೆ ಅಂಕಿಗಳು ಆ ಸಂಖ್ಯೆಗೆ ಹೊಂದಿದರೆ ಸಂದೇಶ ತನ್ನದು, ಹೊಂದದಿದ್ದರೆ ಪಡೆದ ಶ್ರಮ ವ್ಯರ್ಥ. ತಂತ್ರಜ್ಞರು ಇದನ್ನು ಕುರುಡು ಪತ್ತೆ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ.

ಗಾತ್ರದ ವಿಷಯವನ್ನೂ ಹೇಳಬೇಕು. ನಿಯಂತ್ರಣ ಸಂಕೇತವನ್ನು 1, 2, 4, 8 ಅಥವಾ 16 ಘಟಕಗಳಲ್ಲಿ ಕಳುಹಿಸಬಹುದು. ಟವರ್ ಸಮೀಪವಿದ್ದು ಸಿಗ್ನಲ್ ಬಲವಾಗಿದ್ದರೆ ಒಂದೆರಡು ಘಟಕ ಸಾಕು. ದೂರವಿದ್ದರೆ ಅದೇ ಮಾತನ್ನು ಹೆಚ್ಚು ಘಟಕಗಳಲ್ಲಿ ಹರಡಿ, ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ. ಫೋನು ಈ ಐದೂ ಗಾತ್ರಗಳಿಗೆ ಸಿದ್ಧವಿರಬೇಕು. ಹೀಗೆ ಬಿಟ್ಟರೆ ಹುಡುಕಾಟಕ್ಕೆ ಕೊನೆಯೇ ಇರುವುದಿಲ್ಲವೆಂದು ಅಂತಾರಾಷ್ಟ್ರೀಯ ಮಾನದಂಡ ರೂಪಿಸುವ 3ಜಿಪಿಪಿ ಒಕ್ಕೂಟ 2018ರಲ್ಲಿ ಪೂರ್ಣಗೊಂಡ ರಿಲೀಸ್ 15ರಲ್ಲಿ ಮಿತಿ ಹಾಕಿದೆ. ನಮ್ಮ 3300 ಮೆಗಾಹರ್ಟ್ಸ್ ಶ್ರೇಣಿಯಲ್ಲಿ ಸಾಮಾನ್ಯವಾಗಿರುವ ಅರ್ಧ ಮಿಲಿಸೆಕೆಂಡಿನ ಸ್ಲಾಟ್ ಒಂದಕ್ಕೆ ಗರಿಷ್ಠ 36 ಪ್ರಯತ್ನ. 26 ಗಿಗಾಹರ್ಟ್ಸ್ ಶ್ರೇಣಿಯ ಇನ್ನೂ ಚಿಕ್ಕ ಸ್ಲಾಟಿಗೆ 20.

ಸಂಖ್ಯೆ ಸಣ್ಣದಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಅರ್ಧ ಮಿಲಿಸೆಕೆಂಡಿನ ಸ್ಲಾಟ್‌ಗಳು ಸೆಕೆಂಡಿಗೆ 2,000. ತಲಾ 36 ಎಂದರೆ ಸೆಕೆಂಡಿಗೆ 72,000 ಪ್ರಯತ್ನ. 26 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 8,000 ಸ್ಲಾಟ್, ತಲಾ 20ರಂತೆ 1,60,000. ಇವು ಮೇಲಿನ ಮಿತಿ, ಫೋನು ದಿನವಿಡೀ ಇಷ್ಟು ದುಡಿಯುತ್ತದೆ ಎಂದಲ್ಲ. ಆದರೂ ನಾವು ಏನನ್ನೂ ನೋಡದೆ, ಯಾರೊಡನೆಯೂ ಮಾತನಾಡದೆ ಫೋನನ್ನು ಕಿಸೆಯಲ್ಲಿಟ್ಟು ನಡೆಯುವಾಗಲೂ ಒಳಗೆ ಸಂಪರ್ಕ ಜೀವಂತವಿದ್ದರೆ ಹೀಗೆ ಬೀಗಗಳನ್ನು ಹಾಕಿ ನೋಡುವ ಕೆಲಸ ಸಾಗಿರುತ್ತದೆ. ಬಹುಪಾಲು ಪ್ರಯತ್ನಗಳಿಂದ ದೊರೆಯುವುದು ಏನೂ ಇಲ್ಲ ಎಂಬ ಉತ್ತರವೇ. ಬ್ಯಾಟರಿಗೆ ಮಾತ್ರ ಸಿಕ್ಕಿದ ಪ್ರಯತ್ನಕ್ಕೂ ಸಿಗದ ಪ್ರಯತ್ನಕ್ಕೂ ಖರ್ಚು ಒಂದೇ.

ಇನ್ನೊಂದು ಅಪಾಯವೂ ಇದೆ. ಪ್ರಯತ್ನ ಹೆಚ್ಚಾದಷ್ಟೂ ತನ್ನದಲ್ಲದ ಬೀಗ ಆಕಸ್ಮಿಕವಾಗಿ ತೆರೆದುಕೊಳ್ಳುವ ಸಂಭವ ಹೆಚ್ಚುತ್ತದೆ. ತಾಳೆ ಅಂಕಿಗಳು 24 ಬಿಟ್‌ನವಾಗಿದ್ದು, ಬರಿಯ ಗದ್ದಲ ಅವುಗಳಿಗೆ ಹೊಂದಿಬಿಡುವ ಸಾಧ್ಯತೆ ಸುಮಾರು 1.68 ಕೋಟಿಯಲ್ಲಿ ಒಂದು. ಬಹಳ ಕಡಿಮೆ ಎನಿಸುತ್ತದೆ. ಆದರೆ ಸೆಕೆಂಡಿಗೆ 72,000ದಂತೆ ಹೊರಟರೆ 1.68 ಕೋಟಿ ಪ್ರಯತ್ನ ಮುಗಿಯಲು ನಾಲ್ಕು ನಿಮಿಷವೂ ಬೇಡ. ತಪ್ಪು ಸಂದೇಶವನ್ನು ತನ್ನದೆಂದು ನಂಬಿದ ಫೋನು ಇಲ್ಲದ ಆಜ್ಞೆಯನ್ನು ಪಾಲಿಸಲು ಹೊರಡುತ್ತದೆ. ಬೀಮ್ ತಪ್ಪಿ ಮೊದಲೇ ತಬ್ಬಿಬ್ಬಾದ ಹೊತ್ತಿನಲ್ಲಿ ಇದು ಗಾಯದ ಮೇಲೆ ಬರೆ ಎಳೆದಂತೆ.

ಒಂದು ಕಿವಿ, ಎರಡು ದಿಕ್ಕು

ಬೀಮ್ ರಿಕವರಿಯ ಹೊತ್ತಿನಲ್ಲಿ ಈ ಹುಡುಕಾಟದ ಭಾರ ಕಡಿಮೆಯಾಗುವುದಿರಲಿ, ಹೆಚ್ಚುತ್ತದೆ. ಕಾರಣ ಸರಳ. ಹಳೆಯ ಬೀಮ್ ಪೂರ್ತಿ ಸತ್ತಿದೆಯೋ ಇಲ್ಲವೋ ಎಂಬುದು ಖಚಿತವಿಲ್ಲ. ಲಾರಿ ಹಾದುಹೋದ ಮರುಕ್ಷಣ ಅದು ಮರಳಬಹುದು, ಅದರ ಮೂಲಕ ಟವರ್ ಏನಾದರೂ ಹೇಳುತ್ತಿರಬಹುದು. ಆದುದರಿಂದ ಎಂದಿನ ಜಾಗಗಳಲ್ಲಿ ಹುಡುಕುವುದನ್ನು ಬಿಡುವಂತಿಲ್ಲ. ಜೊತೆಗೆ ಹೊಸ ಬೀಮ್‌ನಲ್ಲಿ ಉತ್ತರ ಬರಬೇಕಾದ ಜಾಗವನ್ನೂ ನೋಡಬೇಕು. ಪರ್ಯಾಯ ಬೀಮ್‌ಗಳ ಅಳತೆಯೂ ನಡೆದಿರಬೇಕು. ಇದೆಲ್ಲವೂ ಕೆಲವೇ ಮಿಲಿಸೆಕೆಂಡುಗಳ ಗಡುವಿನೊಳಗೆ. 26 ಗಿಗಾಹರ್ಟ್ಸ್‌ನಂತಹ ಶ್ರೇಣಿಯಲ್ಲಿ ತೊಡಕು ಇನ್ನೂ ಒಂದಿದೆ. ಅಲ್ಲಿ ಫೋನು ಕೂಡ ತನ್ನ ಆಂಟೆನಾವನ್ನು ಒಂದು ದಿಕ್ಕಿಗೆ ವಾಲಿಸಿಯೇ ಕೇಳಬೇಕು. ಒಂದೇ ಆಂಟೆನಾ ಫಲಕದಿಂದ ಕೇಳುವ ಫೋನು ಒಂದೇ ಕ್ಷಣದಲ್ಲಿ ಎರಡು ದಿಕ್ಕಿಗೆ ಕಿವಿಗೊಡಲಾರದು.

ನೋಡಬೇಕಾದ ಜಾಗಗಳ ಮೊತ್ತ ಸ್ಲಾಟಿನ ಮಿತಿಯನ್ನು ಮೀರಿದರೆ ಏನು ಮಾಡಬೇಕೆಂಬುದಕ್ಕೂ ಮಾನದಂಡದಲ್ಲಿ ನಿಯಮವಿದೆ. ಎಲ್ಲ ಫೋನುಗಳಿಗೂ ಸಾಮಾನ್ಯವಾದ ಜಾಗಗಳಿಗೆ ಮೊದಲ ಮಣೆ. ನಂತರ ಆ ಫೋನಿಗೆಂದೇ ಮೀಸಲಾದ ಜಾಗಗಳನ್ನು ಅವುಗಳ ಕ್ರಮಸಂಖ್ಯೆಯ ಏರಿಕೆಯಂತೆ ಒಂದೊಂದಾಗಿ ಸೇರಿಸುತ್ತ ಹೋಗಬೇಕು. ಮಿತಿ ತುಂಬಿದ ಮೇಲೆ ಉಳಿದವನ್ನು ಆ ಸ್ಲಾಟಿನಲ್ಲಿ ನೋಡುವಂತಿಲ್ಲ. ಪಡಿತರ ಅಂಗಡಿಯ ಸಾಲಿನಲ್ಲಿ ಕೊನೆಗೆ ನಿಂತವರ ಪಾಡು ಇದು. ಒಂದು ವೇಳೆ ರಿಕವರಿಯ ಉತ್ತರ ಬರಬೇಕಾದ ಜಾಗಕ್ಕೆ ದೊಡ್ಡ ಕ್ರಮಸಂಖ್ಯೆ ಕೊಟ್ಟು, ಉಳಿದ ಜಾಗಗಳನ್ನು ತುಂಬಿಸಿಟ್ಟಿದ್ದರೆ, ಎಲ್ಲಕ್ಕಿಂತ ತುರ್ತಾಗಿ ನೋಡಬೇಕಾದ ಜಾಗವೇ ಹೊರಗುಳಿಯುವ ಸಂಭವವಿದೆ. ಟವರ್ ಉತ್ತರ ಕೊಟ್ಟಿರುತ್ತದೆ, ಫೋನು ಅತ್ತ ನೋಡಿರುವುದೇ ಇಲ್ಲ. ಜಾಲವನ್ನು ಹೊಂದಿಸುವ ಎಂಜಿನಿಯರ್‌ನ ಸಣ್ಣ ನಿರ್ಲಕ್ಷ್ಯ ಬಸ್ಸಿನಲ್ಲಿ ಕುಳಿತವನ ಕರೆಗೆ ಕುತ್ತಾಗುವುದು ಹೀಗೆ.

ಭಾರ ಇಳಿಸುವ ದಾರಿಗಳು

ಮೊದಲ ದಾರಿ ಜಾತ್ರೆಯ ಮಾತಿನದೇ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕೆಂಬುದನ್ನು ಮುಂಚೆಯೇ ಗೊತ್ತುಪಡಿಸುವುದು. ಇದನ್ನು ಮಾನದಂಡವೇ ಒಪ್ಪಿದೆ. ರಿಕವರಿಯ ಉತ್ತರಕ್ಕಾಗಿ ಪ್ರತ್ಯೇಕ ಹುಡುಕು-ತಾಣವೊಂದನ್ನು ಗೊತ್ತುಮಾಡಬಹುದು. ಹಾಗೆ ಗೊತ್ತುಮಾಡಿದ ಮೇಲೆ ಆ ತಾಣ ಇರುವ ಸಂಪನ್ಮೂಲ ಪ್ರದೇಶದಲ್ಲಿ ಬೇರೆ ಯಾವ ಹುಡುಕು-ತಾಣವನ್ನೂ ಇಡುವಂತಿಲ್ಲ. ತೇರಿನ ಮನೆಯ ಮುಂದಿನ ಕಟ್ಟೆಯನ್ನು ತಪ್ಪಿಸಿಕೊಂಡವರಿಗೆಂದೇ ಮೀಸಲಿಟ್ಟು ಅಲ್ಲಿ ಅಂಗಡಿ ಹಾಕಲು ಬಿಡದಿರುವಂತೆ. ಅಲ್ಲಿ ಬರುವ ಉತ್ತರವನ್ನು ಹೊಸ ಬೀಮ್‌ನ ದಿಕ್ಕಿನಿಂದಲೇ ನಿರೀಕ್ಷಿಸಬೇಕೆಂಬುದೂ ನಿಗದಿಯಾಗಿದೆ. ಹೀಗಾಗಿ ಫೋನಿಗೆ ದಿಕ್ಕಿನ ಗೊಂದಲವಿಲ್ಲ.

ಎರಡನೆಯದು ಗಾತ್ರದ ಮಾತು. ಕೂಗು ಹಾಕುವ ಮುನ್ನವೇ ಫೋನು ಹೊಸ ಬೀಮ್‌ನ ಬಲವನ್ನು ಅಳೆದಿರುತ್ತದೆ. ಆ ಬೀಮ್ ಕನಿಷ್ಠ ಇಷ್ಟಾದರೂ ಬಲವಾಗಿದೆ ಎಂಬುದು ಟವರ್‌ಗೂ ಗೊತ್ತು. ಇಬ್ಬರಿಗೂ ಇಷ್ಟು ಗೊತ್ತಿರುವಾಗ ಐದೂ ಗಾತ್ರಗಳನ್ನು ಪ್ರಯತ್ನಿಸುವ ಅಗತ್ಯವೇನು? ತುರ್ತಿನ ಉತ್ತರವಾದ್ದರಿಂದ ಟವರ್ ಅದನ್ನು ಜಿಪುಣತನ ಮಾಡದೆ 4 ಅಥವಾ 8 ಘಟಕಗಳಲ್ಲಿ ಕಳುಹಿಸಲಿ, ಫೋನು ಆ ಎರಡನ್ನಷ್ಟೇ ನೋಡಲಿ ಎಂಬುದು ವಿವೇಕದ ಮಾತು. ಇದೇ ಬಗೆಯಲ್ಲಿ ಸಂದೇಶದ ನಮೂನೆಗೂ ಕಡಿವಾಣ ಹಾಕಬಹುದು. ಸಾಮಾನ್ಯವಾಗಿ ಫೋನು ತನ್ನ ಗುರುತಿನ ಸಂಖ್ಯೆಗೆ ಬರುವ ಸಂದೇಶಗಳಲ್ಲಿ ಮೂರು ಬೇರೆ ಬೇರೆ ಉದ್ದದವುಗಳ ತನಕ ಬಿಡಿಸಬೇಕಾಗುತ್ತದೆ. ಪ್ರತಿ ಉದ್ದಕ್ಕೂ ಪ್ರತ್ಯೇಕ ಪ್ರಯತ್ನ. ರಿಕವರಿಯ ಉತ್ತರ ಒಂದೇ ಉದ್ದದ್ದು ಎಂದು ಗೊತ್ತುಮಾಡಿದರೆ ಅಷ್ಟು ಶ್ರಮ ಉಳಿಯಿತು.

ಉಳಿತಾಯ ಎಷ್ಟು ಎಂಬುದಕ್ಕೆ ಒಂದು ಅಂದಾಜು ಲೆಕ್ಕ. ಉತ್ತರಕ್ಕಾಗಿ ಕಾಯುವ ಅವಧಿ 20 ಸ್ಲಾಟ್, ಅಂದರೆ 10 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಮಿತಿಯಷ್ಟೂ ಹುಡುಕಿದರೆ 20 ಗುಣಿಸು 36, ಒಟ್ಟು 720 ಪ್ರಯತ್ನ. ಮೀಸಲು ತಾಣದಲ್ಲಿ 4 ಘಟಕಗಳ ನಾಲ್ಕು ಜಾಗ, 8 ಘಟಕಗಳ ಎರಡು ಜಾಗ, ಸಂದೇಶದ ಉದ್ದ ಒಂದೇ ಎಂದು ಗೊತ್ತುಮಾಡಿ, ಆ ಅವಧಿಯಲ್ಲಿ ಬೇರೆಡೆ ನೋಡದಿದ್ದರೆ ಸ್ಲಾಟಿಗೆ 6ರಂತೆ 120 ಪ್ರಯತ್ನ. ಆರರಲ್ಲಿ ಒಂದು ಪಾಲಾಯಿತು. ತಪ್ಪು ಬೀಗ ತೆರೆಯುವ ಅಪಾಯವೂ ಅದೇ ಪ್ರಮಾಣದಲ್ಲಿ ಇಳಿಯಿತು. ಒಂದು ಸಲದ ರಿಕವರಿಯಲ್ಲಿ ಈ ಉಳಿತಾಯ ಯಾರ ಕಣ್ಣಿಗೂ ಬೀಳದು. ಆದರೆ ಪೇಟೆಯ ಗಲ್ಲಿಗಳಲ್ಲಿ, ವಾಹನದಲ್ಲಿ ಸಾಗುವಾಗ ಬೀಮ್ ತಪ್ಪುವುದು ಒಂದೆರಡು ಸಲವಲ್ಲ. ಅಗ್ಗದ ಪ್ರೊಸೆಸರ್ ಇರುವ ಫೋನಿಗಂತೂ ಉತ್ತರವನ್ನು ಗಡುವಿನೊಳಗೆ ಬಿಡಿಸುವುದೇ ಮುಖ್ಯ.

'ಬೇರೆಡೆ ನೋಡದಿದ್ದರೆ' ಎಂದು ಮೇಲೆ ಹೇಳಿದ ಮಾತಿನಲ್ಲಿ ಚರ್ಚೆಗೆ ಎಡೆಯಿದೆ. ಉತ್ತರಕ್ಕಾಗಿ ಕಾಯುವಾಗ ಹಳೆಯ ತಾಣಗಳನ್ನು ನೋಡುವುದನ್ನು ಪೂರ್ತಿ ನಿಲ್ಲಿಸಬೇಕೇ ಅಥವಾ ಕಡಿತಗೊಳಿಸಿ ಮುಂದುವರಿಸಬೇಕೇ ಎಂಬುದೇ ಆ ಚರ್ಚೆ. ನಿಲ್ಲಿಸಿದರೆ ಶ್ರಮ ಉಳಿಯುತ್ತದೆ, ಆದರೆ ಹಳೆಯ ಬೀಮ್ ಮರಳಿದ್ದರೆ ಅದರಲ್ಲಿ ಬಂದ ಸಂದೇಶ ಕೈತಪ್ಪುತ್ತದೆ. ಮುಂದುವರಿಸಿದರೆ ಸಂದೇಶ ತಪ್ಪದು, ಭಾರ ಉಳಿಯುತ್ತದೆ. ಈ ವರದಿಗಾರನ ಮಟ್ಟಿಗೆ ಕಡಿತದ ದಾರಿಯೇ ಮೇಲೆನಿಸುತ್ತದೆ. ಬೀಮ್ ವಿಫಲವಾಗಿದೆ ಎಂದು ಫೋನು ಗೆರೆ ಎಣಿಸಿ ತೀರ್ಮಾನಿಸಿದ ಮೇಲೂ ಹಳೆಯ ಜಾಗವನ್ನೇ ಪೂರ್ತಿ ಬಲದಿಂದ ಹುಡುಕುವುದು ತನ್ನ ತೀರ್ಮಾನವನ್ನು ತಾನೇ ನಂಬದಂತೆ.

ಮುಂದಿನ ಆವೃತ್ತಿಗಳಲ್ಲಿ ಈ ಕ್ರಮ ಬೆಳೆದಿದೆ. ರಿಲೀಸ್ 15ರಲ್ಲಿ ಮುಖ್ಯ ಸೆಲ್‌ಗಷ್ಟೇ ಇದ್ದ ಬೀಮ್ ರಿಕವರಿಯನ್ನು 2020ರ ರಿಲೀಸ್ 16 ಪೂರಕ ಸೆಲ್‌ಗಳಿಗೂ ವಿಸ್ತರಿಸಿತು. 2022ರ ರಿಲೀಸ್ 17ರಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ ಇಷ್ಟು ಸಮಯ ಹುಡುಕಬೇಡ ಎಂದು ಟವರ್ ಫೋನಿಗೆ ನೇರವಾಗಿ ಹೇಳುವ ಸೌಲಭ್ಯ ಬಂತು. ಅದು ರಿಕವರಿಗೆಂದೇ ಮಾಡಿದ್ದಲ್ಲ, ಆದರೆ ಹಿಂದಿರುವ ಆಲೋಚನೆ ಒಂದೇ.

ಕಪ್ಪತಗುಡ್ಡದ ಮಗ್ಗುಲಿನಲ್ಲಿ

ಇಷ್ಟೆಲ್ಲ ಓದಿದ ಮುಂಡರಗಿಯ ಓದುಗರು, ಹಾಗಾದರೆ ಡಂಬಳದ ಆಚೆ ನಮ್ಮ ಕರೆ ಬೀಳುವುದು ನಿಲ್ಲುತ್ತದೆಯೇ ಎಂದು ಕೇಳಬಹುದು. ನೇರವಾಗಿ ಹೇಳುವುದಾದರೆ, ಇಲ್ಲ. ಬೀಮ್ ರಿಕವರಿ ಕೆಲಸ ಮಾಡಬೇಕಾದರೆ ತಪ್ಪಿದ ಬೀಮ್‌ಗೆ ಬದಲಾಗಿ ಇನ್ನೊಂದು ಬೀಮ್ ಇರಬೇಕು. ಗದಗ, ಮುಂಡರಗಿ ಹಾಗೂ ಶಿರಹಟ್ಟಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡದ ಸಾಲು ಅಡ್ಡ ಬಂದಾಗ ಒಂದು ಬೀಮ್ ಅಷ್ಟೇ ಅಲ್ಲ, ಆ ಟವರ್‌ನ ಎಲ್ಲ ಬೀಮ್‌ಗಳೂ ಒಟ್ಟಿಗೇ ಮರೆಯಾಗುತ್ತವೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ ನಿಜ, ಆದರೆ 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವೆಂದು ಘೋಷಣೆಯಾದ ಮೇಲೆ ಅಲ್ಲಿ ಹೊಸ ಟವರ್ ನಿಲ್ಲಿಸುವುದು ಸುಲಭದ ಮಾತಲ್ಲ. ಆಗಬೇಕೆಂದು ಒತ್ತಾಯಿಸುವುದೂ ತರವಲ್ಲ. ಔಷಧ ಸಸ್ಯಗಳ ಆ ಗುಡ್ಡಕ್ಕೆ ಇರುವ ತೊಂದರೆಗಳೇ ಸಾಕಷ್ಟಿವೆ.

ಹಳ್ಳಿಗಳ ನಡುವಿನ ದೂರದ ಪ್ರಶ್ನೆಯನ್ನು ಭಾರತ ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಎತ್ತಿದ್ದೂ ಉಂಟು. 5ಜಿ ತಂತ್ರಜ್ಞಾನಗಳನ್ನು ಗ್ರಾಮೀಣ ಪ್ರದೇಶಕ್ಕೆ ಪರೀಕ್ಷಿಸುವಾಗ ಟವರ್‌ಗಳ ನಡುವೆ 1,732 ಮೀಟರ್ ಅಂತರವನ್ನು ಕಲ್ಪಿಸಿಕೊಳ್ಳಲಾಗಿತ್ತು. ಲಕ್ಷ್ಮೇಶ್ವರ ಅಥವಾ ಶಿರಹಟ್ಟಿ ತಾಲ್ಲೂಕಿನ ಹಳ್ಳಿಗಳನ್ನು ಕಂಡವರಿಗೆ ಇದು ನಮ್ಮ ಲೆಕ್ಕವಲ್ಲ ಎಂಬುದು ಹೊಳೆಯುತ್ತದೆ. ಭಾರತದ ಮಾನದಂಡ ಸಂಸ್ಥೆಯಾದ ಟಿಎಸ್‌ಡಿಎಸ್‌ಐ ಮುಂದಿಟ್ಟ ವಾದದಿಂದಾಗಿ 6,000 ಮೀಟರ್ ಅಂತರದ, ನಿಧಾನ ಚಲನೆಯ ದೊಡ್ಡ ಸೆಲ್‌ನ ಪರೀಕ್ಷೆಯೂ ಸೇರಿತು. ಅದರ ಆಧಾರದ ಮೇಲೆ ರೂಪುಗೊಂಡ 5ಜಿಐ ಎಂಬ ಭಾರತೀಯ ಮಾದರಿ ನಂತರ 3ಜಿಪಿಪಿಯ ರಿಲೀಸ್ 17ರಲ್ಲಿ ವಿಲೀನವಾಯಿತು. ಅಷ್ಟು ದೂರದ ಸೆಲ್‌ನ ಅಂಚಿನಲ್ಲಿ ನಿಯಂತ್ರಣ ಸಂಕೇತ 8 ಅಥವಾ 16 ಘಟಕಗಳಲ್ಲಿ ಬಾರದೆ ಗತಿಯಿಲ್ಲ. ಪೇಟೆಯ ನಡುವೆ 4 ಘಟಕ ಸಾಕೆಂದು ಹೊಂದಿಸಿದ ಮೀಸಲು ತಾಣವನ್ನು ಹಾಗೆಯೇ ಹಳ್ಳಿಯ ಟವರ್‌ಗೂ ನಕಲು ಮಾಡಿದರೆ, ಹುಡುಕಾಟ ಕಡಿಮೆಯಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ.

26 ಗಿಗಾಹರ್ಟ್ಸ್ ಶ್ರೇಣಿಯ ಮಾತು ಬೇರೆ. 2022ರ ಹರಾಜಿನಲ್ಲಿ ಜಿಯೋ ಹಾಗೂ ಏರ್‌ಟೆಲ್ ಅದನ್ನು ಕರ್ನಾಟಕವೂ ಸೇರಿ ಎಲ್ಲ 22 ವಲಯಗಳಿಗೆ ಪಡೆದಿವೆ. ಆ ಶ್ರೇಣಿಗೆ ತಕ್ಕ ಜಾಗಗಳೆಂದರೆ ಜನ ಒತ್ತಾಗಿ ನೆರೆಯುವ ಕಡೆಗಳು, ಮನೆಗಳಿಗೆ ನಿಸ್ತಂತು ಬ್ರಾಡ್‌ಬ್ಯಾಂಡ್ ಕೊಡುವ ಬಡಾವಣೆಗಳು. ಹಾಯುವವರ ಮೈಯೇ ಬೀಮ್‌ಗೆ ಅಡ್ಡವಾಗುವ ಅಲ್ಲಿ ರಿಕವರಿ ನಿತ್ಯದ ಕೆಲಸ. ಹುಡುಕಾಟದ ಹೊರೆ ಇಳಿಸುವ ಮೇಲಿನ ಉಪಾಯಗಳಿಗೆ ನಿಜವಾದ ಪರೀಕ್ಷೆ ಅಲ್ಲಿಯೇ.

ಅಲ್ಲಿಯವರೆಗೆ ಕಪ್ಪತಗುಡ್ಡದ ಕಡೆ ಪ್ರಯಾಣಿಸುವವರು ಒಂದು ಕೆಲಸ ಮಾಡಬಹುದು. 5ಜಿ ಗುರುತು ಕಾಣಿಸಿಕೊಂಡು ಮಾಯವಾಗುತ್ತಿರುವ ದಾರಿಯಲ್ಲಿ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಮೊಬೈಲ್ ನೆಟ್‌ವರ್ಕ್ ವಿಭಾಗದಲ್ಲಿ 4ಜಿ ಅಥವಾ ಎಲ್‌ಟಿಇ ಆರಿಸಿಕೊಳ್ಳುವುದು. 4ಜಿಯಲ್ಲಿ ಈ ಬಗೆಯ ಬೀಮ್ ರಿಕವರಿಯೇ ಇಲ್ಲ, ಫೋನು ಎರಡು ಜಾಲಗಳ ನಡುವೆ ಓಲಾಡುವುದೂ ತಪ್ಪುತ್ತದೆ. ಕಳೆದ ಬೇಸಿಗೆಯಲ್ಲಿ ಶಿರಹಟ್ಟಿಗೆ ಹೋಗಿಬರುವಾಗ ಈ ವರದಿಗಾರ ಇದನ್ನು ಮಾಡಿ ನೋಡಿದ್ದಾನೆ. ಮರಳಿ ಗದಗ ಮುಟ್ಟಿದಾಗ ಸುದ್ದಿ ಕಳುಹಿಸುವಷ್ಟು ಬ್ಯಾಟರಿ ಉಳಿದಿತ್ತು. ಅವಳಿ ನಗರ ಸೇರಿದ ಮೇಲೆ ಮತ್ತೆ 5ಜಿಗೆ ಬದಲಾಯಿಸಲು ಮರೆತದ್ದು ಮರುದಿನ ಮಧ್ಯಾಹ್ನ ಗಮನಕ್ಕೆ ಬಂತು.